ಜಿಆರ್‌ಇ ಪರೀಕ್ಷೆಗೆ ಇಂಗ್ಲಿಷ್ ಪದಸಂಪತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಂಎಸ್ ಅಥವಾ ಪಿಎಚ್‌ಡಿ ಮಾಡಲೆಂದು ಅರ್ಜಿ ಹಾಕುವ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಜಿಆರ್‌ಇ ಪರೀಕ್ಷೆಯ ಗಣಿತದ ಭಾಗವನ್ನು ಸಾಮಾನ್ಯವಾಗಿ ನಿಭಾಯಿಸಿಬಿಡುತ್ತಾರೆ. ಅವರು ತಡವರಿಸುವುದು ವರ್ಬಲ್ ಭಾಗದಲ್ಲಿ, ಅದರಲ್ಲೂ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ. ಆ ಭಾಗಕ್ಕೆ ಬೇಕಾದ ಪದಸಂಪತ್ತನ್ನು ಬೆಳೆಸಿಕೊಳ್ಳುವ ಬಗ್ಗೆ ವಿದ್ಯಾರ್ಥಿಗಳೂ ಅವರ ಪೋಷಕರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿರುವುದರಿಂದ, ಸ್ಪೆಲ್ಲಿಂಗ್ ನೋಡಿಕೊಳ್ಳಲು ಪಕ್ಕದಲ್ಲಿ ನಿಘಂಟನ್ನು ತೆರೆದಿಟ್ಟುಕೊಳ್ಳುವುದು ಒಳ್ಳೆಯದು.

ಈಗಿನ ಜಿಆರ್‌ಇಯಲ್ಲಿ ಪದಸಂಪತ್ತಿಗೆ ನಿಜವಾಗಿಯೂ ಅಷ್ಟು ಮಹತ್ವ ಇದೆಯೇ?

ಇದೆ, ಆದರೆ ಹಿಂದಿನ ರೀತಿಯಲ್ಲಿ ಅಲ್ಲ. 2011ರ ಆಗಸ್ಟ್‌ಗೆ ಮೊದಲು ಪರೀಕ್ಷೆಯಲ್ಲಿ ವಿರುದ್ಧಾರ್ಥಕ ಪದಗಳ ಪ್ರಶ್ನೆಗಳೂ ಪದಜೋಡಿಗಳ ಸಂಬಂಧವನ್ನು ಗುರುತಿಸುವ ಪ್ರಶ್ನೆಗಳೂ ಇದ್ದವು. ಒಂದು ಒಂಟಿ ಪದವನ್ನು ಕೊಟ್ಟು ಅದರ ವಿರುದ್ಧಾರ್ಥ ಯಾವುದೆಂದು ಕೇಳಿದರೆ, ಪಟ್ಟಿಯನ್ನು ಉರುಹೊಡೆದವನು ಗೆಲ್ಲುತ್ತಿದ್ದ. ಆ ವರ್ಷ ಪರೀಕ್ಷೆಯನ್ನು ಪರಿಷ್ಕರಿಸಿದಾಗ ಈ ಎರಡೂ ಬಗೆಯ ಪ್ರಶ್ನೆಗಳನ್ನು ಕೈಬಿಡಲಾಯಿತು. ಅಂದಿನಿಂದ ಪದವನ್ನು ಕೇಳುವುದು ವಾಕ್ಯದೊಳಗೇ.

2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆಯ ಅವಧಿಯನ್ನು 1 ಗಂಟೆ 58 ನಿಮಿಷಕ್ಕೆ ಇಳಿಸಿದ ಮೇಲೆ, ವರ್ಬಲ್ ಭಾಗದಲ್ಲಿ ಉಳಿದಿರುವುದು ಎರಡು ವಿಭಾಗ: ಮೊದಲನೆಯದರಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 23 ನಿಮಿಷಕ್ಕೆ 15 ಪ್ರಶ್ನೆ. ಈ 27ರಲ್ಲಿ ಸುಮಾರು ಅರ್ಧ ಗದ್ಯಭಾಗವನ್ನು ಓದಿ ಉತ್ತರಿಸುವಂಥವು. ಉಳಿದ ಅರ್ಧ ಬಿಟ್ಟ ಸ್ಥಳ ತುಂಬುವಂಥವು, ಅಂದರೆ ಟೆಕ್ಸ್ಟ್ ಕಂಪ್ಲೀಷನ್ ಮತ್ತು ಸೆಂಟೆನ್ಸ್ ಈಕ್ವಿವಲೆನ್ಸ್. ಮೊದಲ ವಿಭಾಗದಲ್ಲಿ ನೀವು ಹೇಗೆ ಉತ್ತರಿಸಿದಿರಿ ಎಂಬುದರ ಮೇಲೆ ಎರಡನೆಯದರ ಕಾಠಿಣ್ಯ ನಿರ್ಧಾರವಾಗುತ್ತದೆ. ಅಂಕ 130ರಿಂದ 170ರವರೆಗೆ. ಇಷ್ಟು ಕಡಿಮೆ ಪ್ರಶ್ನೆಗಳಿರುವಾಗ ನಾಲ್ಕೈದು ಪದಗಳ ಅರ್ಥ ಕೈಕೊಟ್ಟರೆ ಅಂಕ ಎದ್ದು ಕಾಣುವಷ್ಟು ಕುಸಿಯುತ್ತದೆ.

ಮೂರು ಸಾವಿರಕ್ಕೂ ಹೆಚ್ಚು ಪದಗಳ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ಅಷ್ಟನ್ನೂ ಕಲಿಯಬೇಕೇ?

ಬೇಡ. ಆ ಪಟ್ಟಿಗಳಲ್ಲಿ ಹಲವು ಹಳೆಯ ಮಾದರಿಯ ಪರೀಕ್ಷೆಗೆಂದು ಹುಟ್ಟಿಕೊಂಡಂಥವು. ಹೆಸರು ಬದಲಾಯಿಸಿಕೊಂಡು ಇಂದಿಗೂ ಜೆರಾಕ್ಸ್ ಅಂಗಡಿಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿವೆ. ಪಟ್ಟಿ ಸಾಮಾನ್ಯವಾಗಿ ಅಕಾರಾದಿಯಲ್ಲಿರುತ್ತದೆ. ವಿದ್ಯಾರ್ಥಿ ಹುಮ್ಮಸ್ಸಿನಿಂದ ಆರಂಭಿಸುತ್ತಾನೆ, ‘ಅಬೇಟ್’, ‘ಅಬೆರಂಟ್’, ‘ಅಬೇಯನ್ಸ್’, ‘ಅಬ್ಸ್‌ಕಾಂಡ್’ ಎಂದು ಸಾಗುತ್ತಾನೆ, ಮೂರನೆಯ ಅಕ್ಷರ ಮುಗಿಯುವ ಹೊತ್ತಿಗೆ ಬಿಟ್ಟುಬಿಡುತ್ತಾನೆ. ಪುಟ ತಿರುವಿ ನೋಡಿದರೆ ಮೊದಲ ಹತ್ತು ಹಾಳೆ ಮಾಸಿ ಹೋಗಿರುತ್ತವೆ, ಉಳಿದವು ಹೊಚ್ಚ ಹೊಸದಾಗಿರುತ್ತವೆ.

ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಮುಗಿಸಿ, ದಿನಪತ್ರಿಕೆಯನ್ನು ತೊಡಕಿಲ್ಲದೆ ಓದಬಲ್ಲ ವಿದ್ಯಾರ್ಥಿಗೆ ಎಂಟುನೂರರಿಂದ ಸಾವಿರ ಪದ ಸಾಕೆಂಬುದು ನನ್ನ ಅಭಿಪ್ರಾಯ. ಷರತ್ತು ಒಂದೇ: ಆ ಪದಗಳನ್ನು ಅರ್ಧಂಬರ್ಧ ತಿಳಿದಿರಬಾರದು. ಪದವೊಂದು ಎದುರಾದಾಗ ಅದು ಹೊಗಳಿಕೆಯೋ ತೆಗಳಿಕೆಯೋ, ಮನುಷ್ಯರಿಗೆ ಅನ್ವಯಿಸುತ್ತದೆಯೋ ವಾದಗಳಿಗೋ, ಅದರ ಎರಡನೆಯ ಅರ್ಥವೇನು ಎಂಬಿಷ್ಟು ಹೊಳೆಯಬೇಕು. ‘ಎಲ್ಲೋ ನೋಡಿದ್ದೇನೆ’ ಎನ್ನುವ ಮಟ್ಟದ ಮೂರು ಸಾವಿರ ಪದಗಳಿಂದ ಪರೀಕ್ಷಾ ಕೊಠಡಿಯಲ್ಲಿ ಗೊಂದಲ ಹೆಚ್ಚುತ್ತದೆ, ಅಂಕ ಹೆಚ್ಚುವುದಿಲ್ಲ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು?

ಅಪರೂಪದ ಪದಗಳಿಂದ ಆರಂಭಿಸಬೇಡಿ. ವಿದ್ವತ್ ಬರವಣಿಗೆಯಲ್ಲಿ ಪದೇ ಪದೇ ಬರುವ ಮಧ್ಯಮ ಮಟ್ಟದ ಪದಗಳು ಮೊದಲು ಗಟ್ಟಿಯಾಗಬೇಕು. ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಆವೆರಿಲ್ ಕಾಕ್ಸ್‌ಹೆಡ್ ಸಿದ್ಧಪಡಿಸಿ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಇದಕ್ಕೆ ಒಳ್ಳೆಯ ಮೆಟ್ಟಿಲು. ಸುಮಾರು 35 ಲಕ್ಷ ಪದಗಳಷ್ಟು ವಿದ್ವತ್ ಗದ್ಯವನ್ನು ಜಾಲಾಡಿ ಆರಿಸಿದ 570 ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಅದರಲ್ಲಿವೆ. ತೀರ ಸಾಮಾನ್ಯವಾದ ಎರಡು ಸಾವಿರ ಪದಗಳನ್ನು ಅವರು ಮೊದಲೇ ಬದಿಗಿಟ್ಟಿದ್ದರು. ಅದಕ್ಕೆ ಆಧಾರವಾದದ್ದು 1953ರಲ್ಲಿ ಮೈಕೆಲ್ ವೆಸ್ಟ್ ಪ್ರಕಟಿಸಿದ ಪಟ್ಟಿ. (ಈ ವೆಸ್ಟ್ ಢಾಕಾದಲ್ಲಿ ಶಿಕ್ಷಣ ಇಲಾಖೆಯ ಕೆಲಸದಲ್ಲಿದ್ದು, ಬಂಗಾಳದ ಮಕ್ಕಳಿಗೆ ಇಂಗ್ಲಿಷ್ ಓದಿಸುವ ಕಷ್ಟವನ್ನು ಹತ್ತಿರದಿಂದ ಕಂಡವರು. ಪರೀಕ್ಷೆಗೆಂದು ನಾವು ಇಂದು ಬಳಸುವ ಪದಪಟ್ಟಿಗಳ ವಂಶಾವಳಿಯಲ್ಲಿ ನಮ್ಮ ಉಪಖಂಡದ ತರಗತಿಗಳೂ ಇವೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ.)

ಕಾಕ್ಸ್‌ಹೆಡ್ ಅವರ ಪಟ್ಟಿಯಲ್ಲಿ ‘ಆಂಬಿಗ್ಯುಅಸ್’, ‘ಇಂಪ್ಲಿಸಿಟ್’, ‘ಕಾಂಟ್ರಡಿಕ್ಟ್’ ಇವುಗಳ ಜೊತೆಗೆ ‘ಆಲ್‌ಬೀಇಟ್’, ‘ನಾಟ್‌ವಿತ್‌ಸ್ಟ್ಯಾಂಡಿಂಗ್’, ‘ವೇರ್ಯಾಜ್’ ಮುಂತಾದ ಜೋಡಣೆಯ ಪದಗಳೂ ಇವೆ. ಇವುಗಳ ಮೇಲೆ ವಿಶೇಷ ಗಮನ ಇರಲಿ. ಬಿಟ್ಟ ಸ್ಥಳದ ಪ್ರಶ್ನೆಯಲ್ಲಿ ವಾಕ್ಯ ನೇರವಾಗಿ ಸಾಗುತ್ತಿದೆಯೋ ತಿರುವು ತೆಗೆದುಕೊಳ್ಳುತ್ತಿದೆಯೋ ಎಂಬುದನ್ನು ತಿಳಿಸುವುದು ಇವೇ. ‘ಎನಿಥಿಂಗ್ ಬಟ್’ ಎಂದರೆ ‘ಖಂಡಿತ ಅಲ್ಲ’. ‘ನಥಿಂಗ್ ಬಟ್’ ಎಂದರೆ ‘ಅದೇ ಹೊರತು ಬೇರೆ ಅಲ್ಲ’. ಇವೆರಡನ್ನು ಅದಲುಬದಲು ಮಾಡಿಕೊಂಡವರು ಐದೂ ಆಯ್ಕೆಗಳ ಅರ್ಥ ಗೊತ್ತಿದ್ದರೂ ತಪ್ಪು ಉತ್ತರವನ್ನೇ ಆರಿಸುತ್ತಾರೆ. ‘ಹಾರ್ಡ್‌ಲಿ’, ‘ಫಾರ್ ಫ್ರಮ್’, ‘ಇಫ್ ಎನಿಥಿಂಗ್’ ಇವೂ ಇದೇ ಜಾತಿಯವು. ಪದಪಟ್ಟಿ ಮಾರುವವರು ಇಂಥವನ್ನು ‘ಕಠಿಣ ಪದ’ ಎಂದು ಪರಿಗಣಿಸುವುದೇ ಇಲ್ಲ.

ಗೊತ್ತಿರುವ ಪದಗಳೇ ಪರೀಕ್ಷೆಯಲ್ಲಿ ತಪ್ಪಾಗುತ್ತವೆ. ಏಕೆ?

ಏಕೆಂದರೆ ನಮಗೆ ಗೊತ್ತಿರುವುದು ಆ ಪದದ ಒಂದು ಮುಖ ಮಾತ್ರ. ಕನ್ನಡದ ದಿನಬಳಕೆಯಲ್ಲೇ ನೂರಾರು ಇಂಗ್ಲಿಷ್ ಪದಗಳು ಸೇರಿಕೊಂಡಿವೆ. ಪ್ರತಿಯೊಂದೂ ಒಂದೇ ಅರ್ಥದಲ್ಲಿ ನೆಲೆಯೂರಿ, ಬೇರೆ ಅರ್ಥಗಳಿಗೆ ಬಾಗಿಲು ಮುಚ್ಚಿಬಿಟ್ಟಿದೆ. ‘ಲೋನ್ ಸ್ಯಾಂಕ್ಷನ್ ಆಯಿತು’ ಎಂದು ಸಿಹಿ ಹಂಚುವ ಮನೆಯ ಹುಡುಗನಿಗೆ, ‘ಸ್ಯಾಂಕ್ಷನ್’ ಎಂಬ ಅದೇ ಪದ ದಂಡನೆ, ನಿರ್ಬಂಧ ಎಂಬ ಅರ್ಥವನ್ನೂ ಕೊಡುತ್ತದೆಂಬುದು ಪರೀಕ್ಷೆಯಲ್ಲಿ ಥಟ್ಟನೆ ಹೊಳೆಯುವುದಿಲ್ಲ. ‘ಅವನಿಗೆ ಟೆಂಪರ್ ಜಾಸ್ತಿ’ ಎನ್ನುತ್ತೇವೆ. ಜಿಆರ್‌ಇಯಲ್ಲಿ ‘ಟೆಂಪರ್’ ಕ್ರಿಯಾಪದವಾಗಿ ಬಂದಾಗ ಅದು ತೀವ್ರತೆಯನ್ನು ತಗ್ಗಿಸು, ಹದಗೊಳಿಸು ಎಂಬ ಅರ್ಥ ಕೊಡುತ್ತದೆ. ‘ಚೆಕ್’ ಮತ್ತು ‘ಅರೆಸ್ಟ್’ ಎರಡೂ ತಡೆಹಿಡಿ ಎಂಬ ಅರ್ಥದಲ್ಲಿ ಬರುತ್ತವೆ. ‘ಪ್ಲಾಸ್ಟಿಕ್’ ಎಂದರೆ ಬೇಕಾದ ಆಕಾರಕ್ಕೆ ಬಗ್ಗುವಂಥದು. ‘ಎಕಾನಮಿ’ ಎಂದರೆ ಬರವಣಿಗೆಯ ಮಿತವ್ಯಯ. ‘ಡಿಸ್ಕ್ರಿಮಿನೇಟಿಂಗ್’ ಎಂಬುದು ಒಳ್ಳೆಯದು ಕೆಟ್ಟದ್ದನ್ನು ಗುರುತಿಸಬಲ್ಲ ರುಚಿಪ್ರಜ್ಞೆಗೆ ಸಲ್ಲುವ ಹೊಗಳಿಕೆ.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ವಾಕ್ಯದ ತಾತ್ಪರ್ಯ ಹೀಗಿದೆ ಎಂದುಕೊಳ್ಳಿ: ವಿಮರ್ಶಕಿಯ ಮೆಚ್ಚುಗೆ ಮೇಲ್ನೋಟಕ್ಕೆ ಉದಾರವೆನಿಸಿದರೂ, ಪ್ರತಿ ಹೊಗಳಿಕೆಯ ಬೆನ್ನಿಗೂ ಒಂದು ಆಕ್ಷೇಪ ಇದ್ದುದರಿಂದ, ಅದು ಒಟ್ಟಿನಲ್ಲಿ ______ ಮೆಚ್ಚುಗೆಯಾಗಿತ್ತು. ಆಯ್ಕೆಗಳು: ‘ಎಫ್ಯೂಸಿವ್’, ‘ಕ್ವಾಲಿಫೈಡ್’, ‘ಅನ್‌ಸ್ಟಿಂಟಿಂಗ್’, ‘ಪ್ರೊಫೆಷನಲ್’, ‘ಅನಾನಿಮಸ್’.

ಆಯ್ಕೆಗಳನ್ನು ನೋಡುವ ಮೊದಲೇ ಬಿಟ್ಟ ಸ್ಥಳಕ್ಕೆ ನಿಮ್ಮದೇ ಒಂದು ಪದ ಹಾಕಿಕೊಳ್ಳಿ. ಕನ್ನಡದಲ್ಲಾದರೂ ಸರಿ. ‘ಉದಾರವೆನಿಸಿದರೂ’ ಎಂಬಲ್ಲಿ ತಿರುವು ಇದೆ. ‘ಆಕ್ಷೇಪ’ ಎಂಬುದು ದಿಕ್ಕು ತೋರಿಸುತ್ತದೆ. ಆದ್ದರಿಂದ ಇಲ್ಲಿಗೆ ‘ಅರೆಮನಸ್ಸಿನ’ ಅಥವಾ ‘ಷರತ್ತುಬದ್ಧ’ ಎಂಬಂಥ ಪದ ಬೇಕು. ‘ಎಫ್ಯೂಸಿವ್’ ಎಂದರೆ ಉಕ್ಕಿ ಹರಿಯುವ, ‘ಅನ್‌ಸ್ಟಿಂಟಿಂಗ್’ ಎಂದರೆ ಕೈಬಿಚ್ಚಿ ಕೊಡುವ. ಎರಡೂ ಎದುರು ದಿಕ್ಕಿನವು. ಅಲ್ಲದೆ ಒಂದೇ ಸ್ಥಳ, ಒಂದೇ ಉತ್ತರ ಇರುವ ಪ್ರಶ್ನೆಯಲ್ಲಿ ಸಮಾನಾರ್ಥಕಗಳೆರಡೂ ಸರಿಯಾಗಲು ಸಾಧ್ಯವಿಲ್ಲ. ‘ಕ್ವಾಲಿಫೈಡ್’ ಎಂಬುದನ್ನು ‘ಅರ್ಹತೆ ಪಡೆದ’ ಎಂದಷ್ಟೇ ತಿಳಿದವರು ಅದನ್ನು ಪಕ್ಕಕ್ಕೆ ತಳ್ಳಿ ‘ಪ್ರೊಫೆಷನಲ್’ ಕಡೆಗೆ ವಾಲುತ್ತಾರೆ. ಮಿತಿ ಹೇರಿದ, ಷರತ್ತು ಹಾಕಿದ ಎಂಬ ಅರ್ಥವೂ ಆ ಪದಕ್ಕಿದೆ, ಮತ್ತು ಉತ್ತರ ಅದೇ. ಇಲ್ಲಿ ಅಂಕ ಹೋದದ್ದು ‘ಕ್ವಾಲಿಫೈಡ್’ ಎಂಬ ತೀರ ಪರಿಚಿತ ಪದದಿಂದ ಎಂಬುದನ್ನು ಗಮನಿಸಿ. ಹೀಗೆ ಎರಡನೆಯ ಅರ್ಥದಿಂದ ಕಾಡುವ ಸಾಮಾನ್ಯ ಪದಗಳಿಗೆಂದೇ ಒಂದು ಪ್ರತ್ಯೇಕ ನೋಟ್‌ಬುಕ್ ಇಡಿ.

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ನನಗೆ ಇದು ಹೆಚ್ಚು ಕಷ್ಟವಾಗುತ್ತದೆಯೇ?

ಆರಂಭದ ಕೆಲವು ವಾರ ಕಷ್ಟವಾಗಬಹುದು. ಆದರೆ ಕನ್ನಡ ಮಾಧ್ಯಮದವರ ಕೈಯಲ್ಲಿರುವ ಒಂದು ಅನುಕೂಲವನ್ನು ಅವರೇ ಮರೆತಿರುತ್ತಾರೆ. ಪ್ರೌಢಶಾಲೆಯ ವ್ಯಾಕರಣದಲ್ಲಿ ಉಪಸರ್ಗಗಳನ್ನು ಕಲಿತದ್ದು ನೆನಪಿದೆಯಲ್ಲವೇ? ‘ಹಾರ’ಕ್ಕೆ ಮುಂದೆ ಬೇರೆ ಬೇರೆ ಉಪಸರ್ಗ ಸೇರಿ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಆಗುತ್ತದೆ, ಧಾತು ಒಂದೇ ಆದರೂ ಉಪಸರ್ಗ ಅರ್ಥವನ್ನು ಎಲ್ಲಿಂದೆಲ್ಲಿಗೋ ಎಳೆದೊಯ್ಯುತ್ತದೆ. ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಬಂದ ಪದಗಳಲ್ಲೂ ನಡೆಯುವುದು ಇದೇ ವ್ಯಾಪಾರ. ಮಾತಾಡು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ‘ಲೊಕ್ವೇಷಸ್’ (ವಾಚಾಳಿ), ‘ಎಲೊಕ್ವೆಂಟ್’ (ವಾಗ್ಮಿ), ‘ಗ್ರ್ಯಾಂಡಿಲೊಕ್ವೆಂಟ್’ (ಆಡಂಬರದ ಮಾತಿನ), ‘ಸೊಲಿಲೊಕ್ವಿ’ (ಸ್ವಗತ), ‘ಕೊಲೊಕ್ವಿಯಲ್’ (ಆಡುಮಾತಿನ), ‘ಆಬ್ಲೊಕ್ವಿ’ (ನಿಂದೆ) ಹುಟ್ಟಿವೆ. ನೋಡು ಎಂಬ ಧಾತುವಿನಿಂದ ‘ಸರ್ಕಮ್‌ಸ್ಪೆಕ್ಟ್’, ಅಂದರೆ ಸುತ್ತಲೂ ನೋಡಿ ಹೆಜ್ಜೆ ಇಡುವ, ಎಚ್ಚರಿಕೆಯ ಸ್ವಭಾವದ ವ್ಯಕ್ತಿ. ಹೀಗೆ ಒಂದು ಧಾತುವಿಗೆ ಆರೇಳು ಪದ ಕಟ್ಟಿ ಇಟ್ಟರೆ ಅವು ಒಂದನ್ನೊಂದು ಹಿಡಿದುಕೊಂಡು ನೆನಪಿನಲ್ಲಿ ನಿಲ್ಲುತ್ತವೆ.

ಧಾತು ಗೊತ್ತಿದ್ದರೆ ಪದದ ಅರ್ಥವನ್ನು ಊಹಿಸಿಬಿಡಬಹುದೇ?

ಊಹಿಸಬಹುದು, ನಂಬಬಾರದು. ‘ಎನರ್ವೇಟ್’ ಕೇಳಲು ‘ಎನರ್ಜಿ’ಯ ನೆಂಟನಂತಿದೆ, ಅರ್ಥ ಮಾತ್ರ ನೇರ ವಿರುದ್ಧ, ಶಕ್ತಿಗುಂದಿಸು ಎಂದು. ‘ನಾಯ್ಸಮ್’ಗೂ ಗದ್ದಲಕ್ಕೂ ಸಂಬಂಧವಿಲ್ಲ, ಅದು ದುರ್ನಾತಕ್ಕೆ ಹೇಳುವ ಮಾತು. ‘ರೆಸ್ಟಿವ್’ ಎಂದರೆ ವಿಶ್ರಾಂತಿಯಲ್ಲಿರುವ ಅಲ್ಲ, ತಾಳ್ಮೆಗೆಟ್ಟು ಚಡಪಡಿಸುವ. ‘ಇನ್’ ಎಂಬ ಉಪಸರ್ಗ ಕೆಲವೆಡೆ ನಿಷೇಧ, ಕೆಲವೆಡೆ ಅಲ್ಲ. ‘ಇನ್‌ಫ್ಲೇಮಬಲ್’ ಎಂಬುದು ಬೆಂಕಿ ಹತ್ತುವ ವಸ್ತುವೇ. ಧಾತುವನ್ನು ಪದ ನೆನಪಿಡಲು ಬಳಸಿ. ಪರೀಕ್ಷೆಯಲ್ಲಿ ಬೇರೆ ದಾರಿಯೇ ಇಲ್ಲದಾಗ ಮಾತ್ರ ಊಹೆಗೆ ಬಳಸಿ.

ಪದಗಳನ್ನು ನೆನಪಿಡಲು ಮಾಡಿಕೊಳ್ಳುವ ಫ್ಲ್ಯಾಶ್‌ಕಾರ್ಡಿನಲ್ಲಿ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆಯಬೇಕೋ ಕನ್ನಡದಲ್ಲೋ?

ಕನ್ನಡದಲ್ಲಿ ಬರೆದರೆ ಇಂಗ್ಲಿಷಿನಲ್ಲಿ ಯೋಚಿಸುವ ಅಭ್ಯಾಸ ತಪ್ಪುತ್ತದೆ ಎಂದು ಕೆಲವು ತರಬೇತುದಾರರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ‘ಪರ್ಫಂಕ್ಟರಿ’ ಎಂಬುದಕ್ಕೆ ಇಂಗ್ಲಿಷ್ ನಿಘಂಟು ಒಂದೂವರೆ ಸಾಲಿನ ವಿವರಣೆ ಕೊಡುತ್ತದೆ. ನಮಗೆ ‘ಕಾಟಾಚಾರದ’ ಎಂದರೆ ಸಾಕು, ಅದರ ಧಾಟಿ, ಬೇಸರ, ತಿರಸ್ಕಾರ ಎಲ್ಲವೂ ಒಟ್ಟಿಗೇ ಬರುತ್ತವೆ. ‘ಎಕ್ವಿವೊಕೇಟ್’ ಮಾಡುವವನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವನು. ‘ಕ್ಯಾಪ್ರಿಷಸ್’ ಸ್ವಭಾವದವರದು ಕ್ಷಣಚಿತ್ತ ಕ್ಷಣಪಿತ್ತ. ‘ಸ್ಯಾಂಕ್ಟಿಮೋನಿಯಸ್’ ಎಂದರೆ ಬಕಧ್ಯಾನ. ಇಂಥ ನುಡಿಗಟ್ಟು ತಾನಾಗಿ ಹೊಳೆದಾಗ ಅದನ್ನೇ ಬರೆಯಿರಿ. ಅದು ಒಮ್ಮೆ ಕೂತರೆ ಏಳುವುದಿಲ್ಲ.

ತೊಂದರೆ ಬರುವುದು ಒರಟು ಸಮಾನಪದ ಹಾಕಿದಾಗ. ‘ಫ್ರೂಗಲ್’ ಮತ್ತು ‘ಪಾರ್ಸಿಮೋನಿಯಸ್’ ಎರಡಕ್ಕೂ ‘ಕಡಿಮೆ ಖರ್ಚು ಮಾಡುವ’ ಎಂದು ಬರೆದುಕೊಂಡರೆ ಪರೀಕ್ಷೆಯಲ್ಲಿ ಎಡವುವುದು ಖಚಿತ. ಮೊದಲನೆಯವರು ಮಿತವ್ಯಯಿಗಳು, ಎರಡನೆಯವರು ಜುಗ್ಗರು. ಕನ್ನಡದಲ್ಲೇ ಈ ಭೇದ ಇರುವಾಗ ಅದನ್ನು ಬಳಸಿಕೊಳ್ಳದೆ ಬಿಡುವುದು ನಷ್ಟ. ಸರಿಯಾದ ಕನ್ನಡ ಪದ ಸಿಗದಿದ್ದರೆ ಬಲವಂತ ಮಾಡಬೇಡಿ, ಇಂಗ್ಲಿಷ್ ವಿವರಣೆಯನ್ನೇ ಇಡಿ. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು ಮನೆಯಲ್ಲಿದ್ದರೆ ಅದನ್ನು ತೆಗೆದು ನೋಡಿ. ಒಂದು ಪದಕ್ಕೆ ಎಷ್ಟು ಅರ್ಥಗಳಿವೆ ಎಂಬುದನ್ನು ಬಿಡಿಬಿಡಿಯಾಗಿ ತೋರಿಸುವಲ್ಲಿ ಅದು ಮೊಬೈಲ್‌ನ ಅನುವಾದದ ಆ್ಯಪ್‌ಗಳಿಗಿಂತ ಎಷ್ಟೋ ಮೇಲು.

ಒಂದು ಒಳ್ಳೆಯ ಫ್ಲ್ಯಾಶ್‌ಕಾರ್ಡ್ ಹೇಗಿರಬೇಕು?

ಮುಂಬದಿಯಲ್ಲಿ ಒಂಟಿ ಪದವನ್ನು ಬರೆಯಬೇಡಿ. ನೀವು ಓದಿದ ಲೇಖನದಲ್ಲಿ ಆ ಪದ ಬಂದ ವಾಕ್ಯವನ್ನು ಪೂರ್ತಿ ಬರೆದು, ಪದದ ಜಾಗವನ್ನು ಖಾಲಿ ಬಿಡಿ. ಮೊದಲ ಅಕ್ಷರವನ್ನು ಮಾತ್ರ ಕೊಡಿ. ಹಿಂಬದಿಯಲ್ಲಿ ಪದ, ಅದರ ಪಕ್ಕ ಹೊಗಳಿಕೆಗೆ ಕೂಡಿಸುವ ಚಿಹ್ನೆ, ತೆಗಳಿಕೆಗೆ ಕಳೆಯುವ ಚಿಹ್ನೆ, ತಟಸ್ಥವಾದರೆ ಸೊನ್ನೆ. ಕೆಳಗೆ ಒಂದು ಸಾಲಿನ ಅರ್ಥ. ಅದರ ಕೆಳಗೆ ಆ ಪದದ ಜೊತೆ ಸಾಮಾನ್ಯವಾಗಿ ಬರುವ ಪದ: ‘ಮಿಟಿಗೇಟ್’ ಆಗುವುದು ಹಾನಿ, ಅಪಾಯ, ಪರಿಣಾಮ, ‘ಮಾಲಿಫೈ’ ಆಗುವುದು ಸಿಟ್ಟಾದ ಮನುಷ್ಯ. ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಎರಡಕ್ಕೂ ‘ಶಮನಗೊಳಿಸು’ ಎಂದಿದ್ದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ, ಆದ್ದರಿಂದ ಈ ಕೊನೆಯ ಸಾಲನ್ನು ಬಿಡಬೇಡಿ. ಬೇರೆಯವರು ಮಾಡಿಟ್ಟ ಸಾವಿರ ಕಾರ್ಡುಗಳನ್ನು ಡೌನ್‌ಲೋಡ್ ಮಾಡಿಕೊಳ್ಳುವುದಕ್ಕಿಂತ ಸ್ವಂತ ಕೈಯಿಂದ ಮುನ್ನೂರು ಕಾರ್ಡು ಮಾಡುವುದು ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಕಾರ್ಡು ಮಾಡುವ ಹೊತ್ತಿನಲ್ಲೇ ಅರ್ಧ ಕಲಿಕೆ ಆಗಿಹೋಗಿರುತ್ತದೆ.

ಇಂದು ಕಲಿತದ್ದು ಮುಂದಿನ ವಾರ ಮರೆತುಹೋಗುತ್ತದೆ. ಇದಕ್ಕೆ ಪರಿಹಾರವೇನು?

ಮರೆಯುವುದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹಾಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿಕೊಟ್ಟಂತೆ, ಕಲಿತ ಕೂಡಲೇ ಮರೆವು ವೇಗವಾಗಿ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಅವರು ಪ್ರಯೋಗಕ್ಕೆ ಬಳಸಿದ್ದು ಬೇಕೆಂದೇ ಆರಿಸಿದ ಅರ್ಥಹೀನ ಉಚ್ಚಾರಗಳನ್ನು. ಸಂದರ್ಭವಿಲ್ಲದೆ ಪಟ್ಟಿಯಿಂದ ಕಲಿಯುವವರು ಅರ್ಥವುಳ್ಳ ಇಂಗ್ಲಿಷ್ ಪದಗಳನ್ನೂ ಅದೇ ಅರ್ಥಹೀನ ಉಚ್ಚಾರಗಳ ಮಟ್ಟಕ್ಕೆ ಇಳಿಸಿಕೊಳ್ಳುತ್ತಾರೆ.

ಮರೆಯುವ ಅಂಚಿನಲ್ಲಿರುವಾಗ ಮತ್ತೆ ನೆನಪಿಸಿಕೊಳ್ಳುವುದೇ ಮದ್ದು. ಜರ್ಮನಿಯವರೇ ಆದ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಜನಪ್ರಿಯಗೊಳಿಸಿದ ಪೆಟ್ಟಿಗೆಯ ಪದ್ಧತಿ ತೀರ ಸರಳ. ಐದು ಖಾನೆ ಮಾಡಿ. ಹೊಸ ಕಾರ್ಡೆಲ್ಲ ಮೊದಲ ಖಾನೆಯಲ್ಲಿ, ಅದನ್ನು ದಿನವೂ ನೋಡಬೇಕು. ಅರ್ಥ ಸರಿಯಾಗಿ ಹೊಳೆದ ಕಾರ್ಡು ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಎಲ್ಲೇ ಇದ್ದರೂ ಮೊದಲನೆಯದಕ್ಕೆ ವಾಪಸ್ಸು. ಖಾನೆ ಮುಂದಾದಷ್ಟೂ ನೋಡುವ ಅಂತರ ಹೆಚ್ಚು. ಪಾದರಕ್ಷೆಯ ಖಾಲಿ ಡಬ್ಬಿಯೊಂದರಲ್ಲಿ ರಟ್ಟಿನ ತುಂಡುಗಳನ್ನು ನಿಲ್ಲಿಸಿ ಇದನ್ನು ಮಾಡಬಹುದು. ಆ್ಯಪ್ ಬೇಕೆನ್ನುವವರಿಗೆ ಆಂಕಿ ಇದೆ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಉಚಿತ, ಐಫೋನಿನಲ್ಲಿ ಹಣ ಕೊಡಬೇಕು. ಯಾವುದೇ ಆದರೂ, ಕಾರ್ಡು ತಿರುಗಿಸುವ ಮೊದಲು ಉತ್ತರವನ್ನು ಬಾಯಿಬಿಟ್ಟು ಹೇಳಿ. ‘ಹೌದು, ಗೊತ್ತಿತ್ತು’ ಎಂದು ಮನಸ್ಸಿನಲ್ಲೇ ತಲೆಯಾಡಿಸಿ ಮುಂದೆ ಹೋಗುವುದು ನಮ್ಮನ್ನು ನಾವೇ ವಂಚಿಸಿಕೊಳ್ಳುವ ಬಗೆ.

ಏನನ್ನು ಓದಬೇಕು? ದಿನಪತ್ರಿಕೆಯ ಸಂಪಾದಕೀಯ ಸಾಲದೇ?

ಬ್ಯಾಂಕ್ ಪರೀಕ್ಷೆಗೆ ‘ದಿ ಹಿಂದೂ’ ಸಂಪಾದಕೀಯ ಓದುವ ರೂಢಿ ನಮ್ಮಲ್ಲಿ ಬೇರೂರಿದೆ, ಅದು ಒಳ್ಳೆಯದೇ. ಆದರೆ ಸಂಪಾದಕೀಯದ ವಿಷಯ ಬಹುಪಾಲು ನೀತಿ ಮತ್ತು ರಾಜಕೀಯ. ಜಿಆರ್‌ಇಯ ಗದ್ಯಭಾಗಗಳು ವಿಜ್ಞಾನ, ಸಮಾಜವಿಜ್ಞಾನ, ಕಲೆ, ಇತಿಹಾಸಗಳಿಂದ ಬರುತ್ತವೆ. ‘ಸೈಂಟಿಫಿಕ್ ಅಮೆರಿಕನ್’, ‘ಸ್ಮಿತ್ಸೋನಿಯನ್’, ‘ದಿ ಅಟ್ಲಾಂಟಿಕ್’ ಮುಂತಾದ ನಿಯತಕಾಲಿಕೆಗಳ ಲೇಖನ ಆ ಧಾಟಿಗೆ ಹತ್ತಿರ. ಇವೆಲ್ಲಕ್ಕಿಂತ ಹೆಚ್ಚಾಗಿ ನಾನು ಶಿಫಾರಸು ಮಾಡುವುದು ಪುಸ್ತಕವಿಮರ್ಶೆಗಳನ್ನು. ವಿಮರ್ಶಕ ಒಂದೇ ಪುಟದಲ್ಲಿ ಮೆಚ್ಚಬೇಕು, ಅನುಮಾನಿಸಬೇಕು, ಮೃದುವಾಗಿ ಚುಚ್ಚಬೇಕು. ಜಿಆರ್‌ಇಗೆ ಬೇಕಾದ ಮನೋಭಾವಸೂಚಕ ಪದಗಳು ಇನ್ನೆಲ್ಲೂ ಇಷ್ಟು ದಟ್ಟವಾಗಿ ಸಿಗುವುದಿಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಚಿತ್ರಕಲೆ, ಸಂಗೀತ, ಇತಿಹಾಸದ ಬರಹಗಳನ್ನು ಕಂಡರೆ ಪುಟ ತಿರುವುತ್ತಾರೆ. ಅಲ್ಲೇ ಕೂತು ಓದಬೇಕಾದವರು ಅವರು. ಓದುವಾಗ ಪ್ರತಿ ಹೊಸ ಪದಕ್ಕೂ ನಿಲ್ಲಬೇಡಿ. ಲೇಖನ ಮುಗಿಸಿ, ಅರ್ಥಕ್ಕೆ ಅಡ್ಡ ಬಂದ ನಾಲ್ಕೈದು ಪದಗಳಿಗೆ ಮಾತ್ರ ಹಿಂದಿರುಗಿ.

ಸೆಂಟೆನ್ಸ್ ಈಕ್ವಿವಲೆನ್ಸ್‌ಗೆ ಸಮಾನಾರ್ಥಕ ಪದಗಳ ಗುಂಪುಗಳನ್ನು ಕಲಿತರೆ ಸಾಕಲ್ಲವೇ?

ಗುಂಪಾಗಿ ಕಲಿಯುವುದು ಉಪಯುಕ್ತ, ಆದರೆ ಅದರಿಂದಲೇ ಉತ್ತರಿಸಲು ಹೊರಟರೆ ಪ್ರಶ್ನೆ ರಚಿಸಿದವರು ಒಡ್ಡಿದ ಬಲೆಗೆ ಬೀಳುತ್ತೀರಿ. ಇಲ್ಲಿ ಆರು ಆಯ್ಕೆಗಳಿಂದ ಎರಡನ್ನು ಆರಿಸಬೇಕು, ಎರಡರಿಂದಲೂ ವಾಕ್ಯದ ಅರ್ಥ ಒಂದೇ ಆಗಬೇಕು. ಆರರಲ್ಲಿ ಎರಡು ಸಮಾನಾರ್ಥಕ ಜೋಡಿಗಳಿದ್ದು, ಒಂದು ಜೋಡಿ ವಾಕ್ಯಕ್ಕೆ ಹೊಂದದೇ ಇರುವುದುಂಟು. ಇನ್ನೊಂದು ಪದ ವಾಕ್ಯಕ್ಕೆ ಚೆನ್ನಾಗಿಯೇ ಹೊಂದಬಹುದು, ಆದರೆ ಅದಕ್ಕೆ ಜೊತೆಗಾರ ಇರುವುದಿಲ್ಲ. ಸರಿಯಾದ ಎರಡು ಪದಗಳು ನಿಘಂಟಿನ ಲೆಕ್ಕದಲ್ಲಿ ಪಕ್ಕಾ ಸಮಾನಾರ್ಥಕಗಳಾಗಿರಲೇಬೇಕೆಂದೂ ಇಲ್ಲ. ಎರಡರಲ್ಲಿ ಒಂದು ಸರಿಯಾದರೆ ಅರ್ಧ ಅಂಕವೂ ಇಲ್ಲ. ಟೆಕ್ಸ್ಟ್ ಕಂಪ್ಲೀಷನ್‌ನಲ್ಲಿ ಮೂರು ಸ್ಥಳಗಳಿದ್ದರೂ ಅದೇ ನಿಯಮ, ಮೂರೂ ಸರಿಯಾದರೆ ಮಾತ್ರ ಅಂಕ. ಆದ್ದರಿಂದ ವಾಕ್ಯ ಮೊದಲು, ಜೋಡಿ ಆಮೇಲೆ.

ಎಷ್ಟು ತಿಂಗಳು ಬೇಕು?

ದಿನಕ್ಕೆ ಹತ್ತು ಪದ, ವಾರಕ್ಕೆ ಆರು ದಿನ, ಏಳನೆಯ ದಿನ ಪುನರಾವರ್ತನೆ ಮಾತ್ರ. ಹೀಗೆ ನಡೆದರೆ ಹದಿನಾರು ವಾರಕ್ಕೆ 960 ಪದಗಳಾಗುತ್ತವೆ. ನಾಲ್ಕು ತಿಂಗಳು ಎಂದಿಟ್ಟುಕೊಳ್ಳಿ. ಕೊನೆಯ ಮೂರು ವಾರ ಹೊಸ ಪದ ಕಲಿಯುವುದನ್ನು ಕಡಿಮೆ ಮಾಡಿ ಅಭ್ಯಾಸ ಪರೀಕ್ಷೆಗಳಿಗೆ ಸಮಯ ಕೊಡಿ. ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಪವರ್‌ಪ್ರೆಪ್ ಹೆಸರಿನಲ್ಲಿ ಎರಡು ಪೂರ್ಣ ಪ್ರಮಾಣದ ಅಭ್ಯಾಸ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಒಂದನ್ನು ತಯಾರಿಯ ಆರಂಭದಲ್ಲಿ, ಇನ್ನೊಂದನ್ನು ಕೊನೆಯಲ್ಲಿ ಬರೆಯಿರಿ. ಅಂಕಪಟ್ಟಿ ಐದು ವರ್ಷ ಚಾಲ್ತಿಯಲ್ಲಿರುವುದರಿಂದ, ಅಂತಿಮ ವರ್ಷದ ಪ್ರಾಜೆಕ್ಟ್ ಮತ್ತು ಕ್ಯಾಂಪಸ್ ಸಂದರ್ಶನಗಳ ನೂಕುನುಗ್ಗಲಿಗೆ ಮೊದಲೇ, ಆರನೆಯ ಸೆಮಿಸ್ಟರ್ ಮುಗಿದ ರಜೆಯಲ್ಲಿ ಬರೆದು ಮುಗಿಸುವುದು ಜಾಣತನ. ಮತ್ತೆ ಬರೆಯಬೇಕಾದರೆ ನಡುವೆ 21 ದಿನಗಳ ಅಂತರ ಬೇಕು, ಯಾವುದೇ 12 ತಿಂಗಳಲ್ಲಿ ಐದು ಬಾರಿಗಿಂತ ಹೆಚ್ಚು ಬರೆಯುವಂತಿಲ್ಲ. ಈಗ ಅನೇಕ ವಿಶ್ವವಿದ್ಯಾಲಯಗಳು ಜಿಆರ್‌ಇಯನ್ನು ಐಚ್ಛಿಕಗೊಳಿಸಿವೆ. ನಿಮ್ಮ ಪಟ್ಟಿಯಲ್ಲಿರುವ ವಿಭಾಗಗಳು ಅದನ್ನು ಕೇಳುತ್ತವೆಯೇ ಎಂದು ನೋಡಿಕೊಂಡೇ ನಾಲ್ಕು ತಿಂಗಳು ಮುಡಿಪಿಡಿ.

ಇದೇ ತಯಾರಿ ಐಇಎಲ್‌ಟಿಎಸ್‌ಗೂ ಎಸ್‌ಎಸ್‌ಸಿ ಪರೀಕ್ಷೆಗೂ ಆಗುತ್ತದೆಯೇ?

ಪೂರ್ತಿಯಾಗಿ ಇಲ್ಲ. ಐಇಎಲ್‌ಟಿಎಸ್‌ನ ಬರವಣಿಗೆ ಮತ್ತು ಮಾತಿನ ಪರೀಕ್ಷೆಗಳಲ್ಲಿ ಪದಬಳಕೆಗೆ ನಾಲ್ಕನೇ ಒಂದು ಪಾಲು ಅಂಕವಿದೆ. ಅಲ್ಲಿ ನೀವು ಪದವನ್ನು ಗುರುತಿಸಿದರೆ ಸಾಲದು, ಬಳಸಬೇಕು. ಅಪರೂಪದ ಪದವನ್ನು ತಪ್ಪು ಜಾಗದಲ್ಲಿ ಇಡುವುದಕ್ಕಿಂತ ಸಾಧಾರಣ ಪದವನ್ನು ಸರಿಯಾದ ಜೊತೆಪದದೊಂದಿಗೆ ಇಡುವುದು ಲಾಭ. ಕೇಂದ್ರ ಸರ್ಕಾರಿ ಹುದ್ದೆಗಳಿಗೆ ಎಸ್‌ಎಸ್‌ಸಿ ನಡೆಸುವ ಸಿಜಿಎಲ್ ಪರೀಕ್ಷೆಯಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ, ನುಡಿಗಟ್ಟು, ಹಲವು ಪದಗಳಿಗೆ ಒಂದು ಪದ ಎಂಬ ಪ್ರಶ್ನೆಗಳು ನೇರವಾಗಿಯೇ ಬರುತ್ತವೆ, ಆದ್ದರಿಂದ ಪಟ್ಟಿ ಉರುಹೊಡೆಯುವ ಹಳೆಯ ಪದ್ಧತಿ ಅಲ್ಲಿ ಕೆಲಸಕ್ಕೆ ಬರುತ್ತದೆ. ಜಿಆರ್‌ಇಗೆ ಅದು ಸಲ್ಲದು ಎಂದ ಮಾತ್ರಕ್ಕೆ ಎಲ್ಲ ಕಡೆಯೂ ಹೀಗಳೆಯಬೇಕಾಗಿಲ್ಲ.

ಕಲಿತ ಪದಗಳನ್ನು ಜಿಆರ್‌ಇಯ ಪ್ರಬಂಧದಲ್ಲಿ ಬಳಸಬೇಕೇ?

ಬೇಡ. ಆ 30 ನಿಮಿಷದಲ್ಲಿ ಮೌಲ್ಯಮಾಪಕರು ಮುಖ್ಯವಾಗಿ ನೋಡುವುದು ವಾದದ ಸ್ಪಷ್ಟತೆಯನ್ನು. ತಾನಾಗಿ ಬಂದ ಪದ ಬರಲಿ.

ಪರೀಕ್ಷೆಯ ದಿನ ಎಂದೂ ಕಾಣದ ಪದ ಎದುರಾದರೆ ಏನು ಮಾಡಬೇಕು?

ಎದುರಾಗಿಯೇ ತೀರುತ್ತದೆ. ಮೊದಲು ಗೊತ್ತಿರುವ ಆಯ್ಕೆಗಳನ್ನು ಒಂದೊಂದಾಗಿ ವಾಕ್ಯದಲ್ಲಿಟ್ಟು ನೋಡಿ. ಅವುಗಳಲ್ಲಿ ಒಂದು ಅಚ್ಚುಕಟ್ಟಾಗಿ ಕೂತರೆ, ಅಪರಿಚಿತ ಪದದ ಮೋಹಕ್ಕೆ ಬಿದ್ದು ಅದನ್ನು ಬಿಡಬೇಡಿ. ಗೊತ್ತಿಲ್ಲದ್ದೇ ಸರಿ ಉತ್ತರವಿರಬೇಕೆಂಬ ಅನುಮಾನ ನಮ್ಮ ವಿದ್ಯಾರ್ಥಿಗಳನ್ನು ಬಹಳ ಕಾಡುತ್ತದೆ. ಗೊತ್ತಿರುವ ಯಾವುದೂ ಹೊಂದದಿದ್ದರೆ ಆಗ ಅಪರಿಚಿತವನ್ನೇ ಆರಿಸಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಆ ವಿಭಾಗದ ಸಮಯ ಮುಗಿಯುವವರೆಗೆ ಗುರುತು ಹಾಕಿಟ್ಟ ಪ್ರಶ್ನೆಗೆ ಹಿಂದಿರುಗುವ ಅವಕಾಶವಿದೆ. ಒಂದು ಪದದ ಮುಂದೆ ಒಂದು ನಿಮಿಷಕ್ಕಿಂತ ಹೆಚ್ಚು ಕೂರದೆ, ಏನಾದರೊಂದು ಉತ್ತರ ಕೊಟ್ಟು, ಗುರುತು ಹಾಕಿ, ಗದ್ಯಭಾಗದ ಪ್ರಶ್ನೆಗಳಿಗೆ ಸಾಗಿ.